‘ಐ ಆ್ಯಮ್ ಫ್ಲೆಕ್ಸಿಬಲ್’ ಅಂತ ಬರೆದಿದ್ದು ತಪ್ಪಾಯಿತಾ?

ಓದುಗರ ಪ್ರಶ್ನೆ: ನಾನು ಸಣ್ಣ ಡಿಸೈನ್ ತಂಡವೊಂದರಲ್ಲಿ ಇದ್ದೇನೆ. ಬೇರೆ ದೇಶದ ಗ್ರಾಹಕರ ಜೊತೆ ವ್ಯವಹಾರವೆಲ್ಲ ಇಮೇಲ್‌ನಲ್ಲೇ. ಹೋದ ತಿಂಗಳು ಮೀಟಿಂಗ್ ಗೊತ್ತುಮಾಡಲು ಒಬ್ಬರಿಗೆ ಹೀಗೆ ಬರೆದೆ: ‘ಐ ಆ್ಯಮ್ ಫ್ಲೆಕ್ಸಿಬಲ್ ಟು ಎನಿ ಟೈಮ್. ಐ ಆ್ಯಮ್ ಆಲ್ಸೋ ಕನ್ವೀನಿಯಂಟ್ ಆನ್ ಥರ್ಸ್‌ಡೇ. ಲೆಟ್ಸ್ ಪ್ಲೇ ಇಟ್ ಬೈ ಯಿಯರ್. ಪ್ಲೀಸ್ ಅಡ್ಜಸ್ಟ್ ಆ್ಯಂಡ್ ರಿಪ್ಲೈ ಅಟ್ ಯುವರ್ ಅರ್ಲಿಯೆಸ್ಟ್ ಕನ್ವೀನಿಯನ್ಸ್.’ ಅವರಿಂದ ಬಂದಿದ್ದು ಒಂದೇ ಸಾಲು: ‘ಹಾಗಾದರೆ ಮೀಟಿಂಗ್ ಯಾವತ್ತು?’ ಆಮೇಲೆ ಒಪ್ಪಂದದಲ್ಲಿ ಇಲ್ಲದ ಪುಟಗಳನ್ನೂ ಮಾಡಿಕೊಡಿ ಅಂದರು. ‘ನೀವೇ ಫ್ಲೆಕ್ಸಿಬಲ್ ಅಂದಿದ್ದಿರಲ್ಲ’ ಎಂಬ ಮಾತು ಬೇರೆ. ‘ಬೈ ಯಿಯರ್’ ನೋಡಿ ಸಹೋದ್ಯೋಗಿಯೊಬ್ಬರು ನಕ್ಕರು. ಈಗ ಇಂಥ ಮಾತು ಬರೆಯಲು ಕೈ ಹಿಂಜರಿಯುತ್ತದೆ. ಇವನ್ನೆಲ್ಲ ಬಿಟ್ಟುಬಿಡಲೇ? ಬಿಟ್ಟರೆ ಒರಟಾಗಿ ಕಾಣುವುದಿಲ್ಲವೇ? ಕ್ಷಮೆ ಕೇಳಿ ಇನ್ನೊಂದು ಮೇಲ್ ಹಾಕಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಇಂಗ್ಲಿಷ್ ತಪ್ಪಾಯಿತಲ್ಲ ಅನ್ನುವುದು ಒಂದು. ಗ್ರಾಹಕರು ನಿಮ್ಮ ಮಾತನ್ನೇ ಹಿಡಿದು ಜಾಸ್ತಿ ಕೆಲಸ ಕೇಳಿದರಲ್ಲ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನೀವು ತುಂಬಾ ಬೇಜಾರು ಮಾಡಿಕೊಂಡಿದ್ದೀರಿ. ನನಗೆ ಗಂಭೀರ ಅನ್ನಿಸುವುದು ಎರಡನೆಯದು.

ಬೇರೆಯವರ ಆಫೀಸ್ ಪತ್ರಗಳನ್ನು ತಿದ್ದುವುದು ನನ್ನ ಕೆಲಸ. ನಿಮ್ಮ ನಾಲ್ಕು ವಾಕ್ಯಗಳಲ್ಲಿ ತಪ್ಪುಗಳಿವೆ, ನಿಜ. ಆದರೆ ಅವು ಸಣ್ಣವು. ಆ ಗ್ರಾಹಕರಿಗೆ ನಿಮ್ಮ ಇಂಗ್ಲಿಷ್ ಅರ್ಥವಾಗಿದೆ. ದಿನ ಯಾವುದು ಅನ್ನುವುದು ಮಾತ್ರ ಅರ್ಥವಾಗಿಲ್ಲ, ಏಕೆಂದರೆ ನೀವು ಅದನ್ನು ಖಚಿತವಾಗಿ ಬರೆದೇ ಇಲ್ಲ. ವ್ಯಾಕರಣವನ್ನೆಲ್ಲ ಸರಿಮಾಡಿ ಅದೇ ಮೇಲ್ ಕಳಿಸಿದ್ದರೂ ಅದೇ ಒಂದು ಸಾಲಿನ ಉತ್ತರ ಬರುತ್ತಿತ್ತು.

ಮೊದಲು ಆ ಸಣ್ಣ ತಪ್ಪುಗಳನ್ನು ನೋಡಿಬಿಡೋಣ. ಒಂದು ವಿಷಯ ಗಮನಿಸಿ. ನೀವು ಎಡವಿದ್ದು ದೊಡ್ಡ ಪದಗಳಲ್ಲಿ ಅಲ್ಲ, ಅವುಗಳ ಅಕ್ಕಪಕ್ಕದಲ್ಲಿ. ‘ಫ್ಲೆಕ್ಸಿಬಲ್’ ಆದಮೇಲೆ ‘ಟು’ ಹಾಕಿದಿರಿ. ಇದು ಕನ್ನಡ ಮಾಡಿಸುವ ತಪ್ಪು. ‘ಯಾವ ಸಮಯಕ್ಕೂ ಸೈ’ ಅಂತ ಮನಸ್ಸಿನಲ್ಲಿ ಇರುತ್ತದೆ, ಆ ‘ಕ್ಕೆ’ ಪ್ರತ್ಯಯ ನೇರ ‘ಟು’ ಆಗಿ ಇಳಿಯುತ್ತದೆ. ಇಂಗ್ಲಿಷ್‌ನಲ್ಲಿ ಯಾವ ವಿಷಯದಲ್ಲಿ ಹೊಂದಿಕೊಳ್ಳುತ್ತೀರಿ ಎಂದು ಹೇಳಲು ‘ಅಬೌಟ್’, ‘ಆನ್’ ಅಥವಾ ‘ವಿತ್’ ಬೇಕು. ‘ಫ್ಲೆಕ್ಸಿಬಲ್ ಅಬೌಟ್ ದಿ ಟೈಮ್’, ‘ಫ್ಲೆಕ್ಸಿಬಲ್ ಆನ್ ಪ್ರೈಸ್’, ‘ಫ್ಲೆಕ್ಸಿಬಲ್ ವಿತ್ ಡೇಟ್ಸ್’. ಮೂರರಲ್ಲಿ ಯಾವುದು ಬಳಸಿದರೂ ಯಾರೂ ತಕರಾರು ಮಾಡುವುದಿಲ್ಲ.

‘ಟು’ ನಿಜವಾಗಿ ಸೇರುವುದು ‘ಓಪನ್’ ಜೊತೆ. ಅಲ್ಲೂ ಒಂದು ಕೊಕ್ಕೆ ಇದೆ. ಕೆಲಸಕ್ಕೆ ಅರ್ಜಿ ಹಾಕುವವರು ‘ಐ ಆ್ಯಮ್ ಓಪನ್ ಟು ರಿಲೊಕೇಟ್’ ಅಂತ ಬರೆಯುವುದನ್ನು ನಾನು ತಿದ್ದುತ್ತಲೇ ಇರುತ್ತೇನೆ. ‘ಓಪನ್ ಟು’ ಆದಮೇಲೆ ನಾಮಪದ ಬರಬೇಕು, ಇಲ್ಲವೇ ‘ಇಂಗ್’ ಹಚ್ಚಿದ ಕ್ರಿಯಾಪದ ಬರಬೇಕು. ಅಂದರೆ ‘ಓಪನ್ ಟು ರಿಲೊಕೇಟಿಂಗ್’. ‘ರಿಲೊಕೇಟ್’ ಅಂತಲೇ ಬರೆಯಬೇಕಿದ್ದರೆ ‘ವಿಲಿಂಗ್ ಟು ರಿಲೊಕೇಟ್’ ಅನ್ನಿ, ಮುಗೀತು.

‘ಐ ಆ್ಯಮ್ ಕನ್ವೀನಿಯಂಟ್’ ಇನ್ನೊಂದು ಬಗೆಯ ತಪ್ಪು. ಕನ್ನಡದಲ್ಲಿ ‘ನನಗೆ ಗುರುವಾರ ಅನುಕೂಲ’ ಅನ್ನುತ್ತೇವೆ. ವಾಕ್ಯ ‘ನನಗೆ’ ಎಂದು ಶುರುವಾಗುವುದರಿಂದ ಇಂಗ್ಲಿಷ್‌ನಲ್ಲಿ ‘ಐ’ ಮುಂದೆ ಬಂದು ಕೂರುತ್ತದೆ. ಆದರೆ ಅನುಕೂಲವಾಗಿರುವುದು ನೀವಲ್ಲ, ಗುರುವಾರ. ಹಾಗಾಗಿ ‘ಥರ್ಸ್‌ಡೇ ಈಸ್ ಕನ್ವೀನಿಯಂಟ್ ಫಾರ್ ಮಿ’. ಇನ್ನೂ ಸರಾಗವಾಗಿ ಬೇಕೆಂದರೆ ‘ಥರ್ಸ್‌ಡೇ ವರ್ಕ್ಸ್ ಫಾರ್ ಮಿ’. ಈ ಎರಡನೆಯದು ಆಫೀಸ್ ಪತ್ರದಲ್ಲೂ ಚೆನ್ನಾಗಿ ನಡೆಯುತ್ತದೆ.

ಇನ್ನು ‘ಅಡ್ಜಸ್ಟ್’. ಈ ಪದವನ್ನು ನಾವು ಎಷ್ಟು ಸ್ವಂತ ಮಾಡಿಕೊಂಡಿದ್ದೇವೆ ಅಂದರೆ ಇಂಗ್ಲಿಷ್‌ನಲ್ಲಿ ಅದರ ಕೆಲಸ ಬೇರೆ ಅನ್ನುವುದೇ ಮರೆತುಹೋಗಿದೆ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದರೆ ಜಾಗ ಬಿಡಿ, ತಡವಾದರೆ ಸಹಿಸಿಕೊಳ್ಳಿ, ಕೋಪ ಬೇಡ, ಎಲ್ಲವೂ ಸೇರಿತು. ಇಂಗ್ಲಿಷ್ ಓದುಗರಿಗೆ ‘ಪ್ಲೀಸ್ ಅಡ್ಜಸ್ಟ್’ ಅಂದರೆ ಏನನ್ನು ಎಂಬ ಪ್ರಶ್ನೆ ಬರುತ್ತದೆ. ವೇಳಾಪಟ್ಟಿಯನ್ನೇ, ಬಣ್ಣವನ್ನೇ, ಬಿಲ್ಲನ್ನೇ? ಏನನ್ನು ಬದಲಿಸಬೇಕೋ ಅದನ್ನು ಜೊತೆಗೇ ಹೇಳಬೇಕು: ‘ಕುಡ್ ವಿ ಅಡ್ಜಸ್ಟ್ ದಿ ಶೆಡ್ಯೂಲ್?’ ಹೊಸ ಸ್ಥಿತಿಗೆ ಒಗ್ಗಿಕೊಳ್ಳುವುದಾದರೆ ‘ಅಡ್ಜಸ್ಟ್ ಟು’, ಅದಾದಮೇಲೆ ಬರುವ ಕ್ರಿಯಾಪದಕ್ಕೂ ‘ಇಂಗ್’ ರೂಪ: ‘ಅಡ್ಜಸ್ಟ್ ಟು ವರ್ಕಿಂಗ್ ನೈಟ್ಸ್’. ಬಯೋಡೇಟಾದಲ್ಲಿ ‘ಐ ಆ್ಯಮ್ ಅಡ್ಜಸ್ಟಬಲ್’ ಅಂತ ಬರೆಯುವವರಿಗೆ ಒಂದು ಮಾತು: ಆ ಪದ ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಕುರ್ಚಿಗೆ ಸರಿ. ಮನುಷ್ಯರಿಗೆ ‘ಅಡಾಪ್ಟಬಲ್’. ಇತರರಿಗೆ ಅನುಕೂಲ ಮಾಡಿಕೊಡುವ ಗುಣವಾದರೆ ‘ಅಕಾಮಡೇಟಿಂಗ್’. ಅದರ ಸ್ಪೆಲ್ಲಿಂಗ್‌ನಲ್ಲಿ ‘ಸಿ’ ಎರಡು, ‘ಎಂ’ ಎರಡು. ಒಂದೊಂದು ಬಿಟ್ಟುಹೋಗುವುದು ಸರ್ವೇಸಾಮಾನ್ಯ.

ಈಗ ನಿಮ್ಮ ಸಹೋದ್ಯೋಗಿ ನಕ್ಕ ‘ಬೈ ಯಿಯರ್’. ಸರಿಯಾದ ಮಾತು ‘ಪ್ಲೇ ಇಟ್ ಬೈ ಇಯರ್’. ಇಲ್ಲಿರುವುದು ಕಿವಿ, ವರ್ಷವಲ್ಲ. ಇದು ಸಂಗೀತದಿಂದ ಬಂದದ್ದು. ಸ್ವರ ಬರೆದ ಹಾಳೆ ಇಟ್ಟುಕೊಳ್ಳದೆ, ಬರೀ ಕೇಳಿಕೊಂಡೇ ನುಡಿಸುವುದಕ್ಕೆ ಹಾಗೆ ಹೇಳುತ್ತಿದ್ದರು. ಮುಂದೆ ಅದು ‘ಮೊದಲೇ ಗೊತ್ತುಮಾಡುವುದು ಬೇಡ, ಆಗಿನ ಸಂದರ್ಭ ನೋಡಿ ತೀರ್ಮಾನಿಸೋಣ’ ಎಂಬ ಅರ್ಥಕ್ಕೆ ಹರಡಿತು. ಪದದ ಮೊದಲಲ್ಲಿ ಬರುವ ಇ, ಎ ಸ್ವರಗಳಿಗೆ ನಮ್ಮ ನಾಲಿಗೆ ಸಣ್ಣದೊಂದು ‘ಯ’ ಸೇರಿಸುತ್ತದೆ. ‘ಎಲ್ಲ’ ಅನ್ನುವುದು ‘ಯೆಲ್ಲ’ ಅಂತ ಕೇಳಿಸುತ್ತದೆ ಅಲ್ವಾ? ಹಾಗಾಗಿ ಇಯರ್, ಯಿಯರ್ ಎರಡೂ ನಮಗೆ ಒಂದೇ. ಅಷ್ಟಕ್ಕೂ ಇಂಗ್ಲಿಷನ್ನೇ ಮಾತಾಡಿ ಬೆಳೆದವರೂ ಇದೇ ತಪ್ಪು ಬರೆಯುತ್ತಾರೆ. ನಕ್ಕವರಿಗೆ ಬೇಕಾದರೆ ಇದನ್ನು ಹೇಳಿ.

ಆದರೆ ಸ್ಪೆಲ್ಲಿಂಗ್ ಸರಿಯಿದ್ದರೂ ಆ ಮಾತು ಅಲ್ಲಿ ಬರಬಾರದಿತ್ತು. ಮೀಟಿಂಗ್ ಗೊತ್ತುಮಾಡಲು ಮೇಲ್ ಬರೆದು, ಅದರೊಳಗೇ ‘ಈಗಲೇ ಗೊತ್ತುಮಾಡೋದು ಬೇಡ’ ಅಂದಂತಾಯಿತು. ನುಡಿಗಟ್ಟು ಹಾಕಿದರೆ ಇಂಗ್ಲಿಷ್ ಸಹಜವಾಗುತ್ತದೆ ಅನ್ನುವುದು ದೊಡ್ಡ ಮಿಥ್ಯೆ. ಸಹಜವಾಗಿ ಕಾಣುವುದು ಆ ಜಾಗಕ್ಕೆ ಹೊಂದಿದಾಗ ಮಾತ್ರ. ವ್ಯಾಕರಣ ನೋಡುವ ಸಾಫ್ಟ್‌ವೇರ್‌ಗಳೂ ಇಲ್ಲಿ ಕೈಕೊಡಬಹುದು. ವಾಕ್ಯ ಸರಿಯಾಗಿದ್ದು ಮಾತು ಅಸಂದರ್ಭವಾಗಿದ್ದರೆ ಅವು ಹಿಡಿಯುತ್ತವೆ ಅಂತ ನಂಬಿ ಕೂರಬೇಡಿ.

ಸಡಿಲಿಕೆ, ಹೊಂದಾಣಿಕೆ ಹೇಳುವ ಇಂಗ್ಲಿಷ್ ಮಾತುಗಳು ಮೇಲ್ನೋಟಕ್ಕೆ ಒಂದೇ ಥರ ಕಂಡರೂ ಒಂದೊಂದರ ಬಣ್ಣ ಒಂದೊಂದು. ‘ಬೆಂಡ್ ಓವರ್ ಬ್ಯಾಕ್‌ವರ್ಡ್ಸ್’ ಅಂದರೆ ಇನ್ನೊಬ್ಬರಿಗಾಗಿ ಇಲ್ಲದ ಪಾಡು ಪಡುವುದು. ಇದನ್ನು ಮೊಟಕು ಮಾಡಿ ‘ವಿ ವಿಲ್ ಬೆಂಡ್ ಓವರ್ ಫಾರ್ ಯು’ ಅಂತ ಬರೆಯಲೇಬೇಡಿ, ಅಶ್ಲೀಲ ಅರ್ಥ ಬರುತ್ತದೆ. ‘ಐ ಆ್ಯಮ್ ಈಸಿ’ ಅನ್ನುವುದು ಬ್ರಿಟನ್ನಿನ ಆಡುಮಾತಿನಲ್ಲಿ ‘ನನಗೆ ಯಾವುದಾದರೂ ಆಗಬಹುದು’. ಬೇರೆ ಕಡೆ ಅದನ್ನೇ ನಡತೆಗೆ ಹಚ್ಚಿ ನಗುವವರಿದ್ದಾರೆ. ‘ಬೆಂಡ್ ದಿ ರೂಲ್ಸ್’ ಅಂದರೆ ನಿಯಮ ಪೂರ್ತಿ ಮುರಿಯದಿದ್ದರೂ ಸ್ವಲ್ಪ ವಾರೆ ಮಾಡಿದಿರಿ ಎಂದೇ. ಅದನ್ನು ಹೆಮ್ಮೆಯ ಮಾತು ಅಂದುಕೊಂಡು ಕಂಪನಿ ಪರಿಚಯದಲ್ಲಿ ಹಾಕುವುದು ಬೇಡ. ‘ಪ್ಲೇ ಫಾಸ್ಟ್ ಆ್ಯಂಡ್ ಲೂಸ್’ ಇನ್ನೂ ಕೆಟ್ಟದ್ದು. ಚುರುಕು, ಸಡಿಲ ಎರಡೂ ಸೇರಿದ ಒಳ್ಳೆಯ ಗುಣದಂತೆ ಕಾಣುತ್ತದೆ, ಅರ್ಥ ಮಾತ್ರ ಬೇಜವಾಬ್ದಾರಿಯಿಂದ, ನಂಬಿಕೆಗೆ ತಕ್ಕಂತೆ ನಡೆಯದೆ ಇರುವುದು.

ಒಂದೇ ಪದದ ವ್ಯತ್ಯಾಸದಲ್ಲಿ ದಾರಿ ತಪ್ಪಿಸುವ ಜೋಡಿಯೊಂದಿದೆ. ‘ಗಿವ್ ಆ್ಯಂಡ್ ಟೇಕ್’ ಅಂದರೆ ಎರಡೂ ಕಡೆಯವರು ಅಷ್ಟಷ್ಟು ಬಿಟ್ಟುಕೊಡುವುದು. ‘ಗಿವ್ ಆರ್ ಟೇಕ್’ ಅಂದರೆ ಹೆಚ್ಚುಕಡಿಮೆ. ‘ಟು ವೀಕ್ಸ್, ಗಿವ್ ಆರ್ ಟೇಕ್ ಎ ಡೇ’ ಅಂದರೆ ಎರಡು ವಾರ, ಒಂದು ದಿನ ಆಚೀಚೆ.

‘ಲೀವೇ’ ಹಡಗಿನವರ ಮಾತು. ಗಾಳಿ ತಳ್ಳಿದ ಕಡೆಗೆ ಹಡಗು ಹಾದಿ ಬಿಟ್ಟು ಪಕ್ಕಕ್ಕೆ ಸರಿಯುವುದಕ್ಕೆ ಆ ಹೆಸರು. ಈಗ ಅದು ‘ಇಷ್ಟರೊಳಗೆ ಆಚೀಚೆ ಆಗಬಹುದು’ ಎಂಬ ಅವಕಾಶ. ಆಫೀಸ್ ಪತ್ರಕ್ಕೆ ಧಾರಾಳವಾಗಿ ಬಳಸಬಹುದು. ‘ವಿಗಲ್ ರೂಮ್’ ಅದೇ ಅರ್ಥದ ಆಡುಮಾತು. ಪರಿಚಯದವರ ಮಧ್ಯೆ ಚೆಂದ, ಒಪ್ಪಂದದ ಕರಡಿನಲ್ಲಿ ಹುಡುಗಾಟದಂತೆ ಕಾಣುತ್ತದೆ.

ಮೃದುವಾಗಿ ಬರೆದಷ್ಟೂ ವಿನಯ ಅನ್ನುವುದು ಇನ್ನೊಂದು ಮಿಥ್ಯೆ. ನಿಮ್ಮ ಕೊನೆಯ ಸಾಲನ್ನೇ ನೋಡಿ. ‘ಅಟ್ ಯುವರ್ ಕನ್ವೀನಿಯನ್ಸ್’ ಅಂದರೆ ನಿಮಗೆ ಬಿಡುವಾದಾಗ, ಅವಸರವಿಲ್ಲ. ನಡುವೆ ‘ಅರ್ಲಿಯೆಸ್ಟ್’ ಸೇರಿಸಿದರೆ ಆದಷ್ಟು ಬೇಗ ಉತ್ತರಿಸಿ ಅಂದಂತೆ. ಮಾತು ನಯವಾಗಿದೆ, ಒಳಗೆ ಒತ್ತಾಯವಿದೆ. ‘ಯಾವ ಸಮಯವಾದರೂ ಸರಿ’ ಅಂತ ಶುರುವಾದ ಮೇಲ್ ‘ಬೇಗ ಬರೆಯಿರಿ’ ಅಂತ ಮುಗಿದರೆ ಓದಿದವರಿಗೆ ಗೊಂದಲವಾಗದೆ ಇರುತ್ತದೆಯೇ? ಇದನ್ನೇ ನಿಮ್ಮ ಬಗ್ಗೆ ತಿರುಗಿಸಿ ‘ಐ ವಿಲ್ ರಿಪ್ಲೈ ಅಟ್ ಮೈ ಅರ್ಲಿಯೆಸ್ಟ್ ಕನ್ವೀನಿಯನ್ಸ್’ ಅಂತಲೂ ಬರೆಯಬೇಡಿ. ನನಗೆ ಪುರುಸೊತ್ತಾದಾಗ ನೋಡೋಣ ಎಂಬ ದೊಡ್ಡಸ್ತಿಕೆ ಅದರಲ್ಲಿ ಬಂದುಬಿಡುತ್ತದೆ.

ದಿನ ಬದಲಿಸುವ ಮಾತುಗಳ ಬಗ್ಗೆ ನೀವು ಕೇಳಿಲ್ಲ. ಆದರೂ ಇಲ್ಲೇ ಹೇಳಬೇಕು, ಏಕೆಂದರೆ ‘ಫ್ಲೆಕ್ಸಿಬಲ್’ ಅಂದವರ ಮೀಟಿಂಗೇ ಜಾಸ್ತಿ ಅಲುಗಾಡುವುದು. ಬುಧವಾರದ ಮೀಟಿಂಗನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಅಂದರೆ ಅದು ಸೋಮವಾರವೋ ಶುಕ್ರವಾರವೋ? ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕಲ್ ರ‍್ಯಾಮ್ಸ್ಕಾರ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮಾತಾಡುವವರಿಗೇ ಇದನ್ನು ಕೇಳಿದ್ದರು. ಕೆಲವರು ಸೋಮವಾರ ಅಂದರು, ಕೆಲವರು ಶುಕ್ರವಾರ ಅಂದರು. ವಿಮಾನ ನಿಲ್ದಾಣದಲ್ಲಿ ಕೇಳಿದಾಗ, ಯಾರನ್ನೋ ಕರೆದೊಯ್ಯಲು ಬಂದು ಕಾಯುತ್ತಿದ್ದವರಿಗಿಂತ ಆಗಷ್ಟೇ ಪ್ರಯಾಣ ಮುಗಿಸಿದವರಲ್ಲಿ ಶುಕ್ರವಾರ ಅನ್ನುವವರು ಹೆಚ್ಚಿದ್ದರು. ತಾವೇ ಮುಂದಕ್ಕೆ ಚಲಿಸಿದ ಭಾವ ಇದ್ದರೆ ಮೀಟಿಂಗೂ ಮುಂದಕ್ಕೆ ಹೋಯಿತು ಅನ್ನಿಸುತ್ತದೆ. ಭಾಷೆ ಗೊತ್ತಿದ್ದವರ ಗತಿಯೇ ಹೀಗೆ! ‘ಪ್ರಿಪೋನ್’ ಅಂದರೆ ನಮಗೆ ತಕ್ಷಣ ತಿಳಿಯುತ್ತದೆ, ಅದು ಇಂಗ್ಲಿಷ್ ನಿಘಂಟುಗಳಿಗೂ ಸೇರಿದೆ. ಆದರೆ ಭಾರತದ ಹೊರಗೆ ಎಷ್ಟೋ ಜನ ಅದನ್ನು ಕೇಳಿಯೇ ಇಲ್ಲ. ಯಾವ ಪದ ಬಳಸಿದರೂ ಪಕ್ಕದಲ್ಲಿ ಹೊಸ ವಾರ ಮತ್ತು ತಾರೀಕು ಬರೆಯಿರಿ. ಬೇರೆ ದೇಶದವರಾದರೆ ಯಾರ ಗಡಿಯಾರದ ಸಮಯ ಅನ್ನುವುದನ್ನೂ ಬರೆಯಿರಿ.

‘ಬೈ’ ಮತ್ತು ‘ಅಂಟಿಲ್’ ಕೂಡ ಹಾಗೇ. ‘ಶುಕ್ರವಾರದವರೆಗೆ ಕಳಿಸಿ’ ಎಂದು ಯೋಚಿಸಿ ‘ಸೆಂಡ್ ಇಟ್ ಅಂಟಿಲ್ ಫ್ರೈಡೇ’ ಅಂದರೆ ಶುಕ್ರವಾರದ ತನಕ ಕಳಿಸುತ್ತಲೇ ಇರಿ ಅಂದ ಹಾಗೆ. ಶುಕ್ರವಾರದೊಳಗೆ ಒಮ್ಮೆ ಸಾಕು ಅನ್ನುವುದಾದರೆ ‘ಬೈ ಫ್ರೈಡೇ’.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಆ ಜಾಸ್ತಿ ಪುಟಗಳು ಎಲ್ಲಿಂದ ಬಂದವು? ‘ಫ್ಲೆಕ್ಸಿಬಲ್’ ಎಂಬ ಪದದಲ್ಲೇ ಒಂದು ಖಾಲಿ ಜಾಗ ಇದೆ: ಯಾವ ವಿಷಯದಲ್ಲಿ, ಎಷ್ಟರ ಮಟ್ಟಿಗೆ, ಯಾವಾಗಿನ ತನಕ. ಬರೆದವರು ತುಂಬದಿದ್ದರೆ ಓದುವವರು ತಮಗೆ ಬೇಕಾದ್ದನ್ನು ತುಂಬಿಕೊಳ್ಳುತ್ತಾರೆ. ಇದರಲ್ಲಿ ಅವರ ದುರಾಸೆ ಇರಲೇಬೇಕು ಅಂತಿಲ್ಲ. ನೀವು ದಿನದ ಬಗ್ಗೆ ಹೇಳಿದಿರಿ. ಅವರ ತಲೆಯಲ್ಲಿ ಕೆಲಸದ ಪ್ರಮಾಣ ಓಡುತ್ತಿತ್ತು. ‘ಎನಿ ಟೈಮ್’ ಅಂತ ಇದ್ದರೂ, ಇಂಥ ಧಾರಾಳ ಇರುವವರು ಅದರಲ್ಲೂ ಧಾರಾಳವಾಗಿರುತ್ತಾರೆ ಅಂದುಕೊಂಡಿರಬಹುದು.

ಈ ಖಾಲಿ ಜಾಗ ಎಷ್ಟು ಅಪಾಯ ಅನ್ನುವುದು ಇಂಟರ್ನೆಟ್ ಕಟ್ಟಿದ ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿತ್ತು. ತಾಂತ್ರಿಕ ನಿಯಮಗಳನ್ನು ಬರೆಯುವಾಗ ಯಾವುದು ಕಡ್ಡಾಯ, ಯಾವುದು ಐಚ್ಛಿಕ ಎಂದು ಜಗಳ ಬರಬಾರದೆಂದು 1997ರಲ್ಲಿ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆ ಹೊರಡಿಸಿದರು. ಅದರ ಪ್ರಕಾರ ‘ಮಸ್ಟ್’ ಅಂದರೆ ಬೇರೆ ಮಾತಿಲ್ಲ. ‘ಶುಡ್’ ಅಂದರೆ ಸರಿಯಾದ ಕಾರಣವಿದ್ದರೆ ಬಿಡಬಹುದು, ಆದರೆ ಪರಿಣಾಮ ಪೂರ್ತಿ ಯೋಚಿಸಿ ಬಿಡಬೇಕು. ‘ಮೇ’ ಅಂದರೆ ನಿಜಕ್ಕೂ ನಿಮ್ಮಿಷ್ಟ. ಸಡಿಲಿಕೆಯನ್ನು ಇಷ್ಟು ಅಚ್ಚುಕಟ್ಟಾಗಿ ಅಳೆದಿಟ್ಟ ಬರಹ ನನಗೆ ತುಂಬಾ ಇಷ್ಟ. ನಿಮ್ಮ ಮೇಲ್‌ಗೆ ಅಷ್ಟು ಬಿಗಿ ಬೇಡ. ಆದರೆ ‘ದಿನ ಬದಲಾಗಬಹುದು, ಕೆಲಸದ ಪಟ್ಟಿ ಬದಲಾಗದು’ ಎಂಬ ಗೆರೆಯೊಂದು ಇರಲೇಬೇಕಿತ್ತು.

ಹಾಗಾದರೆ ಹೇಗೆ ಬರೆಯುವುದು? ನುಡಿಗಟ್ಟು ಪೂರ್ತಿ ಬಿಟ್ಟು ‘ಥರ್ಸ್‌ಡೇ ಆರ್ ಫ್ರೈಡೇ, ಆಫ್ಟರ್ ಟೂ’ ಎಂದಷ್ಟೇ ಬರೆಯಬಹುದು. ಅರ್ಥ ಕೆಡುವ ಭಯವಿಲ್ಲ. ಹೊಸಬರಿಗೆ ಮಾತ್ರ ಸ್ವಲ್ಪ ಒಣ ಅನ್ನಿಸಬಹುದು, ‘ವುಡ್ ದಟ್ ಸೂಟ್ ಯು?’ ಅಂತ ಒಂದು ಪ್ರಶ್ನೆ ಸೇರಿಸಿದರೆ ಆ ಒರಟುತನ ಹೋಗುತ್ತದೆ. ವಿನಯ ಬರುವುದು ಆ ಪ್ರಶ್ನೆಯಿಂದ, ಮಸುಕು ಮಾತಿನಿಂದ ಅಲ್ಲ.

ಇನ್ನೊಂದು ದಾರಿ, ಮಿತಿ ಹಾಕಿ ಸಡಿಲ ಬಿಡುವುದು: ‘ಐ ಆ್ಯಮ್ ಫ್ಲೆಕ್ಸಿಬಲ್ ಅಬೌಟ್ ದಿ ಡೇ, ಬಟ್ ಐ ನೀಡ್ ಟು ಫಿನಿಶ್ ಬೈ ಫೋರ್.’ ಸಾಮಾನ್ಯ ಪತ್ರಗಳಿಗೆ ನಾನು ಸೂಚಿಸುವುದು ಇದನ್ನೇ. ಇದಕ್ಕೂ ಒಂದು ತೊಡಕಿದೆ. ದರದ ಮಾತುಕತೆಯಲ್ಲಿ ನಿಮ್ಮ ಮಿತಿ ಮೊದಲೇ ಹೇಳಿಬಿಟ್ಟರೆ ಎದುರಿನವರು ಸೀದಾ ಅಲ್ಲಿಗೇ ಬಂದು ನಿಲ್ಲುತ್ತಾರೆ. ಅಲ್ಲಿ ‘ನೆಗೋಶಿಯಬಲ್’ ಅಂದು ಸುಮ್ಮನಾಗಿ. ಆ ಪದದಲ್ಲಿ ಮಾತಾಡೋಣ ಅನ್ನುವುದಿದೆ, ನೀವು ಹೇಳಿದ್ದೇ ಸರಿ ಅನ್ನುವುದಿಲ್ಲ. ‘ಫ್ಲೆಕ್ಸಿಬಲ್’ ಅಂದರೆ ಇಳಿಯಲು ರೆಡಿ ಇದ್ದೀರಿ ಎಂದು ಓದಿಕೊಳ್ಳುವವರೇ ಹೆಚ್ಚು.

ನಿಮಗೇ ಇನ್ನೂ ಖಚಿತವಿಲ್ಲದಿದ್ದಾಗ ‘ಟೆಂಟಟಿವ್’ ಅಥವಾ ‘ಸಬ್ಜೆಕ್ಟ್ ಟು’ ಬಳಸಿ. ‘ಸಬ್ಜೆಕ್ಟ್ ಟು’ ಆದಮೇಲೆ ಕಾರಣ ಇರಲಿ: ಯಾರ ಒಪ್ಪಿಗೆ, ಯಾವುದು ಸಿಕ್ಕಿದರೆ. ‘ಸಬ್ಜೆಕ್ಟ್ ಟು ಚೇಂಜ್’ ಅಂತ ಎಲ್ಲದರ ಕೆಳಗೂ ಅಂಟಿಸುತ್ತಾ ಹೋದರೆ ನಿಮ್ಮ ಯಾವ ತಾರೀಕನ್ನೂ ಯಾರೂ ನಂಬುವುದಿಲ್ಲ.

ಪೂರ್ತಿ ಬಾಗಿಲು ತೆರೆದಿಡುವುದೂ ಒಂದು ಆಯ್ಕೆಯೇ. ಹಳೆಯ ಗ್ರಾಹಕರು, ಸಣ್ಣ ವಿಷಯ, ನಿಜಕ್ಕೂ ಯಾವುದಾದರೂ ಸರಿ ಅನ್ನುವಾಗ ‘ವಾಟೆವರ್ ವರ್ಕ್ಸ್ ಫಾರ್ ಯು’ ಅನ್ನಿ. ಅವರು ನಡುರಾತ್ರಿಯ ಸಮಯ ಕೊಟ್ಟರೆ ಆಮೇಲೆ ಗೊಣಗಬೇಡಿ. ‘ಪ್ಲೇ ಇಟ್ ಬೈ ಇಯರ್’ ಕೂಡ ಇಂಥವರ ಜೊತೆಗೇ ಇರಲಿ, ಇನ್ನೂ ಏನೂ ತೀರ್ಮಾನ ಬೇಡದ ಹೊತ್ತಿಗೆ.

ನಿಮ್ಮ ಮೇಲನ್ನು ನಾನು ತಿದ್ದಿದ್ದರೆ ಹೀಗಿರುತ್ತಿತ್ತು: ‘ಐ ಆ್ಯಮ್ ಫ್ಲೆಕ್ಸಿಬಲ್ ಅಬೌಟ್ ದಿ ಟೈಮ್. ಥರ್ಸ್‌ಡೇ ವರ್ಕ್ಸ್ ಬೆಸ್ಟ್ ಫಾರ್ ಮಿ. ಫ್ರೈಡೇ ಈಸ್ ಆಲ್ಸೋ ಫೈನ್. ಕುಡ್ ಯು ಲೆಟ್ ಮಿ ನೋ ಬೈ ಟ್ಯೂಸ್‌ಡೇ ವಿಚ್ ಯು ಪ್ರಿಫರ್?’ ಗುರುವಾರ, ಶುಕ್ರವಾರದ ಪಕ್ಕ ತಾರೀಕು ಸೇರಿಸಿಕೊಳ್ಳಿ. ನಿಮ್ಮ ಮೂಲ ಮೇಲ್‌ಗಿಂತ ಇದು ಉದ್ದವೂ ಇಲ್ಲ, ಒರಟೂ ಇಲ್ಲ.

ಕ್ಷಮೆಯ ಮೇಲ್ ಖಂಡಿತ ಬೇಡ. ತಿಂಗಳು ಕಳೆದಿದೆ, ‘ಬೈ ಯಿಯರ್’ ಅವರಿಗೆ ಮರೆತೇ ಹೋಗಿರುತ್ತದೆ. ನೀವೇ ನೆನಪಿಸುವುದು ಯಾಕೆ? ಆದರೆ ಆ ಜಾಸ್ತಿ ಪುಟಗಳಿಗೆ ಇನ್ನೂ ಉತ್ತರ ಕೊಟ್ಟಿಲ್ಲದಿದ್ದರೆ ತಡಮಾಡಬೇಡಿ, ಸುಮ್ಮನಿದ್ದಷ್ಟೂ ಒಪ್ಪಿದಿರಿ ಅಂತಾಗುತ್ತದೆ. ‘ಆ್ಯಸ್ ಐ ಮೆನ್ಶನ್ಡ್, ವಿ ಆರ್ ಫ್ಲೆಕ್ಸಿಬಲ್ ಆನ್ ಡೇಟ್ಸ್. ದಿ ಎಕ್ಸ್‌ಟ್ರಾ ಪೇಜಸ್ ಆರ್ ಔಟ್‌ಸೈಡ್ ದಿ ಅಗ್ರೀಡ್ ಸ್ಕೋಪ್. ಐ ಆ್ಯಮ್ ಹ್ಯಾಪಿ ಟು ಸೆಂಡ್ ಎ ಸೆಪರೇಟ್ ಕೋಟ್’ ಅಂತ ಬರೆಯಿರಿ. ಇದರಲ್ಲಿ ಜಗಳವಿಲ್ಲ, ನಿಮ್ಮ ಹಳೆಯ ಮಾತನ್ನು ಹಿಂತೆಗೆದುಕೊಂಡ ಹಾಗೂ ಆಗುವುದಿಲ್ಲ. ಪುಟಗಳನ್ನು ಆಗಲೇ ಮಾಡಿ ಕಳಿಸಿದ್ದರೆ ಹಣ ಕೇಳುವುದು ಕಷ್ಟ. ಇದೊಂದು ಸಲಕ್ಕೆ ಬಿಟ್ಟಿದ್ದೇವೆ, ಮುಂದಿನದಕ್ಕೆ ಬೇರೆ ಕೋಟ್ (ದರಪಟ್ಟಿ) ಇರುತ್ತದೆ ಎಂದು ಬಿಲ್ ಕಳಿಸುವ ಮೇಲ್‌ನಲ್ಲೇ ಒಂದು ಸಾಲು ಸೇರಿಸಿ.